ಅತ್ತೆಗೆ ಲೋನ್ ಪಾಸಾದ ಸುದ್ದಿ

ನಮ್ಮ ಸೋದರತ್ತೆಗೆ ಏನಾದರೂ ಗುಟ್ಟು ಹೇಳಬೇಕೆಂದು ನಿಮಗೆ ಅನಿಸಿದರೆ ಧಾರಾಳವಾಗಿ ಹೇಳಿ, ನನ್ನದೇನೂ ತಕರಾರಿಲ್ಲ. ಆದರೆ ಮರುದಿನ ಯಾದಗಿರಿಯಿಂದ ಸುರಪುರದ ತನಕ ಬಸ್ಸು ನಿಂತಲ್ಲೆಲ್ಲ ಗುರುತು ಪರಿಚಯವಿಲ್ಲದ ಜನ ನಿಮ್ಮನ್ನು ತಡೆದು "ಈಗ ಹ್ಯಾಂಗದರೀ ನಿಮ್ಮ ಮೂಲವ್ಯಾಧಿ?" ಎಂದು ಕಕ್ಕುಲಾತಿಯಿಂದ ವಿಚಾರಿಸಿದರೆ ಆಗ ನನ್ನನ್ನು ಬೈಯಬೇಡಿ!

ನಮ್ಮ ಅತ್ತೆ, ಅಂದರೆ ಅಪ್ಪನ ಒಬ್ಬಳೇ ತಂಗಿ, ಆ ದಾರಿಯ ಬಸ್ಸಿನಲ್ಲಿ ಕಂಡಕ್ಟರ್. ಸೀರೆಯ ಮೇಲೆ ಖಾಕಿ ಕೋಟು ತೊಟ್ಟು, ಚರ್ಮದ ಚೀಲ ಹೆಗಲಿಗೇರಿಸಿ, ಟಿಕೆಟ್ ಮಶೀನು ಹಿಡಿದು ಆಕೆ ಬಸ್ಸು ಹತ್ತಿದಳೆಂದರೆ ಡ್ರೈವರ್ ಹಾರ್ನ್ ಬಾರಿಸುವುದನ್ನೇ ಬಿಡುತ್ತಾನೆ. ಅಗತ್ಯ ಬೀಳುವುದಿಲ್ಲ. ದೇವರು ಆಕೆಗೆ ಕೊಟ್ಟದ್ದು ಒಂದೇ ಧ್ವನಿ, ಅದು "ಒಳಗ ಸರೀರಿ, ಒಳಗ ಸರೀರಿ" ಅನ್ನುವ ಧ್ವನಿ. ಅದೇ ಧ್ವನಿಯಲ್ಲಿ ಆಕೆ ಮಂಗಳಾರತಿ ಹಾಡುತ್ತಾಳೆ. ಅದೇ ಧ್ವನಿಯಲ್ಲಿ ಸತ್ತವರ ಮನೆಗೆ ಹೋಗಿ "ಸಮಾಧಾನ ಮಾಡ್ಕೋರಿ" ಅನ್ನುತ್ತಾಳೆ. ಅಳುತ್ತಿದ್ದವರು ಬೆಚ್ಚಿಬಿದ್ದು ನಿಜವಾಗಿಯೂ ಅಳು ನಿಲ್ಲಿಸುತ್ತಾರೆ.

ಧ್ವನಿ ದೊಡ್ಡದಿದ್ದರೆ ಇರಲಿ ಬಿಡಿ, ಏನು ಹೇಳಬೇಕು, ಏನು ಹೇಳಬಾರದು ಅನ್ನುವ ಒಂದು ಜರಡಿಯಾದರೂ ಬೇಡವೇ? ಅದೂ ಇಲ್ಲ! ತನ್ನ ಬಿಪಿ, ತನ್ನ ಪಗಾರ, ತನ್ನ ಹಲ್ಲುನೋವು, ಮೇಲಧಿಕಾರಿ ತನ್ನನ್ನು ಬೈದದ್ದು, ತಾನು ಮೇಲಧಿಕಾರಿಯನ್ನು ಬೈದದ್ದು, ಎಲ್ಲವೂ ಬಸ್ಸಿನ ಕಟ್ಟಕಡೆಯ ಸೀಟಿನ ತನಕ ಮುಟ್ಟಬೇಕು. ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದ ಮೇಲಂತೂ ಕೇಳಲೇಬೇಡಿ. ಸಂತೆಗೆ ಹೊರಟವರು, ತವರಿಗೆ ಹೊರಟವರು, ಸೊಸೆಯ ಮೇಲೆ ಮುನಿಸಿಕೊಂಡು ಸುಮ್ಮನೆ ಒಂದು ಸುತ್ತು ಹೊರಟವರು, ಎಲ್ಲ ಸೇರಿ ಬಸ್ಸು ಉಸಿರುಗಟ್ಟುವಷ್ಟು ತುಂಬುತ್ತದೆ. ಅತ್ತೆಯ ಕೇಳುಗರು ಒಂದಕ್ಕೆ ಮೂರಾಗಿದ್ದಾರೆ.

ಒಂದು ದಿನ ವಡಗೇರಾದ ರೈತನೊಬ್ಬ ನನ್ನ ಕಚೇರಿಗೆ ಬಂದಿದ್ದ. ಕೆಲಸ ಮುಗಿಸಿಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು, "ಸಾಹೇಬ್ರ, ನಿಮ್ಮ ಅತ್ತಿಯಾರಿಗೆ ಹೇಳ್ರಿ, ಮನಿ ಕೀಲಿ ಬಾಗಲ ಚೌಕಟ್ಟಿನ ಮ್ಯಾಲ ಇಡಬ್ಯಾಡ್ರಿ ಅಂತ. ಗಾಳಿಗೆ ಬೀಳ್ತದ" ಅಂದ. ನನಗೇ ಗೊತ್ತಿರದ ಸಂಗತಿ ವಡಗೇರಾಕ್ಕೆ ಗೊತ್ತಾಗಿದೆ! ಸಂಜೆ ಹೋಗಿ ಅತ್ತೆಯನ್ನು ತರಾಟೆಗೆ ತೆಗೆದುಕೊಂಡೆ.

"ಕಳ್ಳ ಬಂದ್ರ ಏನು ಮಾಡ್ತಿ ಅತ್ತಿ?"

"ಹ್ಯಾಂಗ ಬರ್ತಾನ? ಎಲ್ಲಾರಿಗೂ ಗೊತ್ತದ ಅಂದಮ್ಯಾಲ, ಕಳುವಾದ್ರ ಎಲ್ಲಾರ ಮ್ಯಾಲೂ ಸಂಶೇ ಬರ್ತದ. ಅದಕ್ಕ ಎಲ್ಲಾರೂ ಕಾಯ್ತಾರ" ಅಂದಳು ಅತ್ತೆ.

ಈ ಮಾತಿಗೆ ಎದುರು ಮಾತು ನಿಮ್ಮಲ್ಲಿದೆಯೇ? ಇವತ್ತಿನ ತನಕ ಆಕೆಯ ಮನೆಯಲ್ಲಿ ಒಂದು ಚಮಚೆಯೂ ಕಳುವಾಗಿಲ್ಲ ಅನ್ನುವುದು ಬೇರೆ ಮಾತು.

ನನ್ನ ಮದುವೆಯ ಕತೆಯನ್ನೂ ಹೇಳಿಬಿಡುತ್ತೇನೆ. ಹೆಣ್ಣು ನೋಡಲು ಗೋಗಿಗೆ ಹೋಗಿದ್ದೆವು. ಅಪ್ಪ ನನ್ನನ್ನು ಹೊಗಳಿ ಹೊಗಳಿ ಆಕಾಶಕ್ಕೇರಿಸಿದ್ದರು. ಚಹಾ ಬಂತು. ಅತ್ತೆ ಬಸಿಯಲ್ಲಿ ಸುರುವಿಕೊಂಡು ಒಂದು ಗುಟುಕು ಹೀರಿ ಶುರುಮಾಡಿದಳು. "ಹುಡುಗ ಖರೇನ ಛಲೋ ಅದಾನ್ರಿ. ಆದ್ರ ಮುಂಜಾನಿ ಎದ್ದಕೂಡ್ಲೆ ಮಾತಾಡಸಬ್ಯಾಡ್ರಿ, ಕಚ್ಚಾಕ ಬರ್ತಾನ. ಬದನಿಕಾಯಿ ತಿಂದ್ರ ಮೈ ಕೆರೀತದ. ನೌಕರಿ ಇನ್ನಾ ಖಾಯಂ ಆಗಿಲ್ಲ. ಆಗ್ಯಾದಂತ ನಮ್ಮಣ್ಣ ಈಗ ಹೇಳಿದ್ನಲ್ಲ, ಅದು ಸುಳ್ಳ." ಅಪ್ಪನ ಮುಖ ನೋಡಬೇಕಿತ್ತು ನೀವು! ನಾನು ಎದ್ದು ಚಪ್ಪಲಿ ಹುಡುಕತೊಡಗಿದೆ. ಆದರೆ ಹುಡುಗಿಯ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕು, "ಇಷ್ಟು ಹೇಳಾವ್ರು ಇನ್ನೇನು ಮುಚ್ಚಿಡ್ತಾರ್ರಿ? ಹುಡುಗಿ ಕೊಟ್ಟೇನಿ" ಅಂದುಬಿಟ್ಟರು. ನನ್ನ ಹೆಂಡತಿ ಮಾತ್ರ ಈಗಲೂ, "ನಿಮ್ಮತ್ತಿ ಬದನಿಕಾಯಿ ಒಂದು ಹೇಳಿದ್ರು, ಬಾಕಿದ್ದು ಹೇಳಾಕ ಟೈಮ ಸಾಲಲಿಲ್ಲ ಕಾಣ್ತದ" ಅನ್ನುತ್ತಾಳೆ.

ನಾನೋ ಅತ್ತೆಯ ತದ್ವಿರುದ್ಧ. ಸರ್ಕಾರಿ ಗುಮಾಸ್ತ. ಗಂಟೆ ಎಷ್ಟಾಯಿತೆಂದು ಯಾರಾದರೂ ಕೇಳಿದರೆ "ಯಾಕ, ಏನು ಕೆಲಸಿತ್ತು?" ಎಂದು ಮರುಪ್ರಶ್ನೆ ಹಾಕಿ ಬೆಳೆದವನು. ಹೀಗಿರುವಾಗ ಅತ್ತೆಗೆ ಮನೆ ಕೊಳ್ಳುವ ಯೋಗ ಬಂತು, ಮತ್ತು ಅದರ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು.

ಅತ್ತೆಯ ಗಂಡ ಮದುವೆಯಾದ ಹೊಸದರಲ್ಲೇ ತೀರಿಕೊಂಡ. ಮಕ್ಕಳಿಲ್ಲ. ಅಂದಿನಿಂದ ಆಕೆ ಅದೇ ಬಸ್ಸಿನ ದಾರಿಯ ನಡುವಿನ ಶಹಾಪುರದಲ್ಲಿ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಟ್ರಂಕು ಹೊತ್ತುಕೊಂಡು ಅಡ್ಡಾಡಿದವಳು. ಈಗಿನ ಮಾಲೀಕ, ಮನೆ ಕೆಡವಿ ರಸ್ತೆಗೆ ಮುಖ ಮಾಡಿ ಅಂಗಡಿ ಕಟ್ಟಿಸುತ್ತೇನೆ, ಯುಗಾದಿಯೊಳಗೆ ಖಾಲಿ ಮಾಡಿ ಎಂದ. ನಮ್ಮ ಮನೆಗೆ ಬಂದುಬಿಡು ಎಂದು ನಾವೆಲ್ಲ ಕರೆದೆವು. "ನಿಮ್ಮ ಮನಿಗೆ ಬಂದ್ರ ನಾ ಬೀಗರಾಗ್ತೇನಿ. ಸಾಕಾಗ್ಯಾದಪಾ ಮಂದಿ ಮನಿ. ಒಂದು ತುಳಸಿ ಹಚ್ಚಬೇಕಂದ್ರೂ ಕೇಳಿ ಹಚ್ಚಬೇಕು. ಸಣ್ಣದರೇ ಇರ್ಲಿ, ನನಗ ನನ್ನ ಮನಿ ಬೇಕು" ಎಂದು ಹಟ ಹಿಡಿದಳು. ಧ್ವನಿ ಎಂದಿನದೇ, ಆದರೆ ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಅದಕ್ಕೇ ಆ ಮಾತು ನನಗೆ ನಾಟಿತು.

ಬ್ಯಾಂಕಿಗೆ ಕರೆದುಕೊಂಡು ಹೋದೆ. ಅಲ್ಲಿಯವರು ಆಕೆಯ ಪಗಾರ, ಉಳಿದಿರುವ ಸರ್ವೀಸು ಎಲ್ಲ ನೋಡಿ, ಮನೆ ಹುಡುಕಿಕೊಳ್ಳಿ, ಇಷ್ಟರ ತನಕ ಸಾಲ ಕೊಡುತ್ತೇವೆ ಎಂದು ಮುಂಚಿತವಾಗಿಯೇ ಒಂದು ಕಾಗದ ಬರೆದುಕೊಟ್ಟರು. ಆ ಕಾಗದಕ್ಕೊಂದು ಮುದ್ದತ್ತು. ಅದು ಮುಗಿದರೆ ಮತ್ತೆ ಹೊಸ ಅರ್ಜಿ, ಹೊಸ ಲೆಕ್ಕ. ಆಕೆಯ ನಿವೃತ್ತಿ ಹತ್ತಿರವಾದಷ್ಟೂ ಬ್ಯಾಂಕು ಕೈ ಬಿಗಿಹಿಡಿಯುತ್ತದೆ. ಅಂದರೆ ಮನೆಯಾದರೆ ಈ ಸಲವೇ, ಇಲ್ಲವಾದರೆ ಇಲ್ಲವೇ ಇಲ್ಲ. ಎಷ್ಟು ಮಂಜೂರಾಗಿತ್ತು ಅಂತೀರಾ? ಅದನ್ನು ಮಾತ್ರ ನಾನು ಹೇಳುವುದಿಲ್ಲ, ಮನೆತನದ ಗುಟ್ಟು. ಬೇಕಿದ್ದರೆ ಸುರಪುರದ ಬಸ್ಸು ಹತ್ತಿ ಯಾರನ್ನಾದರೂ ಕೇಳಿ!

ದಲಾಲನನ್ನು ಕಾಣುವ ಮುಂಚೆ ಅತ್ತೆಯನ್ನು ಕೂರಿಸಿಕೊಂಡು ತಾಲೀಮು ಕೊಟ್ಟೆ.

"ಅತ್ತಿ, ಬ್ಯಾಂಕಿನಾಗ ಎಷ್ಟು ಪಾಸ್ ಆಗ್ಯಾದಂತ ದಲಾಲ ಕೇಳ್ತಾನ. ನೀ ಏನು ಹೇಳ್ತಿ?"

"ಎಷ್ಟು ಆಗ್ಯಾದೋ ಅಷ್ಟು ಹೇಳ್ತೇನಿ."

"ಹೇಳಬಾರದು! ಪೂರಾ ಗೊತ್ತಾತಂದ್ರ ಮನಿ ಕಿಮ್ಮತ್ತು ಅಲ್ಲಿಗೇ ತಂದು ನಿಲ್ಲಸ್ತಾನ. ಇನ್ನಾ ನೋಡಾಕತ್ತಾರ ಅಂತ ಹೇಳಬೇಕು."

"ನೋಡಿ ಮುಗದದಲ್ಲೋ? ಸಹಿ ಶಿಕ್ಕಾ ಎಲ್ಲಾ ಬಿದ್ದಾವ."

"ಬಿದ್ದಾವ. ಆದ್ರ ಹೇಳಬಾರದು."

"ಮತ್ತ ಕಾಗದ ಯಾಕ ಕೊಟ್ಟಾರ? ತೋರಸಾಕಲ್ಲೇನು?"

ನಾನು ತಲೆ ಚಚ್ಚಿಕೊಂಡೆ. ಕೊನೆಗೆ, "ನಾನ ಮಾತಾಡ್ತೇನಿ, ನೀ ಬಾಯಿ ಬಿಚ್ಚಂಗಿಲ್ಲ, ಆಣಿ ಮಾಡು" ಅಂದೆ. ಅತ್ತೆ ಗಂಟಲು ಮುಟ್ಟಿಕೊಂಡು ಆಣೆ ಮಾಡಿದಳು. ನಾನು ನೆಮ್ಮದಿಯ ಉಸಿರು ಬಿಟ್ಟೆ.

ಈ ದಲಾಲನ ಬಗ್ಗೆ ಎರಡು ಮಾತು ಹೇಳಬೇಕು. ಆತ ಮೊದಲು ದನದ ಸಂತೆಯಲ್ಲಿ ಎತ್ತುಗಳ ದಲಾಲಿ ಮಾಡಿದವನು. ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದ ಮೇಲೆ ಪ್ಲಾಟು, ಮನೆ ಎಂದು ಹೊರಳಿಕೊಂಡ. ಆದರೆ ಹೆಗಲ ಮೇಲಿನ ಟವೆಲ್ಲು ಬಿಡಲಿಲ್ಲ. ನಿಮಗೆ ಗೊತ್ತಿರಬೇಕು, ನಮ್ಮ ಕಡೆ ಸಂತೆಯಲ್ಲಿ ಎತ್ತಿನ ದರ ಬಾಯಿಂದ ಹೇಳುವುದಿಲ್ಲ. ಇಬ್ಬರೂ ಒಂದು ಟವೆಲ್ಲಿನ ಕೆಳಗೆ ಕೈ ಕೂಡಿಸುತ್ತಾರೆ. ಇಷ್ಟು ಬೆರಳು ಹಿಡಿದರೆ ಇಷ್ಟು ಅಂತ ಲೆಕ್ಕ. ಸುತ್ತ ನೂರು ಜನ ನಿಂತಿದ್ದರೂ ಒಬ್ಬರಿಗೂ ಸುಳಿವು ಸಿಗುವುದಿಲ್ಲ. ಈತ ಮನೆಯ ವ್ಯಾಪಾರವನ್ನೂ ಹಾಗೆಯೇ ಕುದುರಿಸುತ್ತಾನೆ! ಇಂಥ ಗುಟ್ಟಿನ ಮನುಷ್ಯನ ಮುಂದೆ ನಮ್ಮ ಅತ್ತೆ.

ದಲಾಲ ತೋರಿಸಿದ ಮನೆ ಅತ್ತೆಗೆ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಹಿಡಿಸಿತು. ಕಲ್ಲಿನ ಗೋಡೆ, ಎರಡು ಖೋಲಿ, ಮುಂದೆ ಒಂದಿಷ್ಟು ಅಂಗಳ, ಮಾಳಿಗೆ ಏರಿದರೆ ಎದುರಿಗೆ ಮಲಗಿದ ಬುದ್ಧನಂತೆ ಕಾಣುವ ಊರ ಗುಡ್ಡ. ನೋಡಿಕೊಂಡು ಬಂದು ಮೂವರೂ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂತೆವು. ದಲಾಲ ಚಹಾ ಹೇಳಿ, ಮೆಲ್ಲಗೆ ಬಾಗಿ, "ಅಕ್ಕಾರ, ಬ್ಯಾಂಕಿಂದು ಏನಾರೆ ಆಗ್ಯಾದೇನ್ರಿ?" ಎಂದು ಕೇಳಿದ.

"ಇನ್ನಾ ನೋಡಾಕತ್ತಾರ್ರಿ" ಅಂದೆ ನಾನು, ಬಹಳ ಗಂಭೀರವಾಗಿ.

ಅತ್ತೆ ಆಣೆ ಮುರಿಯಲಿಲ್ಲ. ಖರೇ ಹೇಳುತ್ತೇನೆ, ತುಟಿ ಪಿಟಕ್ಕೆನ್ನಲಿಲ್ಲ. ಸುಮ್ಮನೆ ಚರ್ಮದ ಚೀಲಕ್ಕೆ ಕೈ ಹಾಕಿ, ಬ್ಯಾಂಕಿನ ಕಾಗದ ತೆಗೆದು, ಮಡಿಕೆ ಬಿಚ್ಚಿ, ಮೇಜಿನ ಮೇಲೆ ದಲಾಲನ ಮುಂದೆ ಹಾಸಿದಳು! ಅದರ ಮೇಲೆ ತನ್ನ ಪಗಾರದ ಚೀಟಿಯನ್ನೂ ಇಟ್ಟಳು. ಅದು ಹಾರದಿರಲೆಂದು ಮೇಲೆ ಸಕ್ಕರೆ ಡಬ್ಬಿ ಇಟ್ಟಳು.

ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಕಂಡದ್ದು ಇದು: ದಲಾಲ ಗಾಬರಿಯಿಂದ ಅತ್ತಿತ್ತ ನೋಡಿ, ಹೆಗಲ ಟವೆಲ್ಲು ಎಳೆದು ಆ ಕಾಗದದ ಮೇಲೆ ಹೊದಿಸುತ್ತಿದ್ದಾನೆ!

"ಮುಚ್ಚರೀ ಅಕ್ಕಾರ, ಮುಚ್ಚರಿ! ಯಾರರೆ ನೋಡ್ಯಾರು! ನನಗ್ಯಾಕ ತೋರಸ್ತೀರಿ? ನಾ ದಲಾಲ ಅದೀನ್ರೀ!"

ಇಷ್ಟಾದ ಮೇಲೆ ಅತ್ತೆಯ ಬಾಯಿ ಎಲ್ಲಿ ನಿಂತೀತು? "ನೀವು ಮನಿ ಕೊಡಸಾವ್ರು. ನನ್ನ ಹತ್ರ ಎಷ್ಟದ ಅಂತ ಗೊತ್ತಿಲ್ದ ಹ್ಯಾಂಗ ಕೊಡಸ್ತೀರಿ? ಟಿಕೀಟ್ ಕೇಳಾವ್ರು ಎಲ್ಲಿಗಂತ ಮೊದಲ ಹೇಳಬೇಕಲ್ರಿ?" ಅಂದಳು. ಪಕ್ಕದ ಮೇಜಿನವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ದಲಾಲ ತನ್ನ ಚಹಾ ಮರೆತು ಆಕೆಯನ್ನೇ ನೋಡುತ್ತ ಕೂತ. ಸಂತೆಯಲ್ಲಿ ಕೂದಲು ನರೆತ ಆ ಮನುಷ್ಯನಿಗೆ ಇಂಥದ್ದೊಂದು ಹಿಂದೆ ಎದುರಾಗಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು.

ಕೆಟ್ಟದ್ದನ್ನು ನಾನಾದರೂ ಸರಿಪಡಿಸಬೇಡವೇ? "ದರದ ಮಾತು ನನ್ನ ಜೋಡಿ ಆಡ್ರಿ" ಎಂದು ದೊಡ್ಡ ವ್ಯವಹಾರಸ್ಥನ ಹಾಗೆ ಟವೆಲ್ಲಿನ ಕೆಳಗೆ ಕೈ ತೂರಿಸಿದೆ. ಬೆರಳಿನ ಲೆಕ್ಕ ನನಗೆ ಬರುತ್ತದೆಯೇ? ಬರುವುದಿಲ್ಲ. ಬರುವುದಿಲ್ಲ ಎಂದು ಒಪ್ಪಿಕೊಳ್ಳುವವನೇ ನಾನು? ಅದೂ ಅಲ್ಲ! ಆತ ನನ್ನ ಕೆಲವು ಬೆರಳು ಹಿಡಿದು ಒತ್ತಿದ. ಒತ್ತಿದ್ದಕ್ಕೆ ಒತ್ತಬೇಕೇನೋ ಎಂದುಕೊಂಡು ನಾನು ಆತನ ಇಡೀ ಅಂಗೈ ಹಿಡಿದು ಎರಡು ಸಲ ಗಟ್ಟಿಯಾಗಿ ಕುಲುಕಿದೆ.

ದಲಾಲ ಹಾವು ಮುಟ್ಟಿದವನಂತೆ ಕೈ ಕಿತ್ತುಕೊಂಡ. "ಅಯ್ಯ ಸಾಹೇಬ್ರ! ಮಾಲಕ ಇಷ್ಟು ಕೇಳೇ ಇಲ್ರೀ!" ಎಂದ. ಆಮೇಲೆ ಅತ್ತೆಯ ಕಡೆ ತಿರುಗಿ, "ಅಕ್ಕಾರ, ಮೊದಲ ಈ ನಿಮ್ಮ ಅಳಿಯಾಗ ಮನಿಗೆ ಕಳಸ್ರಿ. ಇಲ್ಲಂದ್ರ ನಿಮಗ ಬೀದ್ಯಾಗ ಕುಂಡ್ರಸ್ತಾನ" ಎಂದ.

ಹೀಗೆ ವ್ಯವಹಾರದಲ್ಲಿ ನನ್ನ ಪಾತ್ರ ಮುಗಿಯಿತು.

ಆದರೆ ತೊಡಕು ದೊಡ್ಡದಿತ್ತು. ಮನೆಯ ಮಾಲೀಕ ಸುರಪುರದ ಒಬ್ಬ ಬಟ್ಟೆ ವ್ಯಾಪಾರಿ. ಹೆಂಡತಿಯ ತವರಿನಿಂದ ಬಂದ ಮನೆ ಅದು. ಆತ ಎಂಥ ಬಿಗಿ ಮನುಷ್ಯನೆಂದರೆ, ಊಟ ಆಯಿತೇ ಎಂದು ಕೇಳಿದರೂ ಕ್ಷಣ ಯೋಚಿಸಿ "ನೋಡೋಣ" ಅನ್ನುವವನು. ಆತ ಕೇಳಿದ ಬೆಲೆ ಬ್ಯಾಂಕಿನ ಸಾಲಕ್ಕೂ ಮೇಲೆ, ಅತ್ತೆ ತನ್ನ ಬಳೆ, ಸರ ಮಾರಿ ಹೊಂದಿಸಿದ್ದಕ್ಕೂ ಮೇಲೆ ಇತ್ತು. ದಲಾಲ ಎರಡು ಸಲ ಸುರಪುರಕ್ಕೆ ಹೋಗಿ ಬಂದ. ಮಾಲೀಕ ಒಂದು ಪೈಸೆ ಇಳಿಯಲಿಲ್ಲ. ಇತ್ತ ಕಾಗದದ ಮುದ್ದತ್ತು ಕರಗುತ್ತಿತ್ತು, ಅತ್ತ ಬಾಡಿಗೆ ಮನೆಯವನು ಆಗಲೇ ಅಂಗಳದಲ್ಲಿ ಉಸುಕು ಇಳಿಸಿದ್ದ. ಅತ್ತೆ ಆ ಉಸುಕಿನ ಗುಡ್ಡೆಯ ಪಕ್ಕದಿಂದಲೇ ದಿನಾ ಡ್ಯೂಟಿಗೆ ಹೋಗಿ ಬರುತ್ತಿದ್ದಳು.

ಒಂದು ಮಧ್ಯಾಹ್ನ ದಲಾಲ ನನ್ನ ಕಚೇರಿಗೆ ಬಂದು ಎದುರಿನ ಕುರ್ಚಿಯಲ್ಲಿ ಕುಸಿದ.

"ಯಾದಗಿರಿಯಿಂದ ಒಬ್ಬ ಹತ್ತಿ ಸಾಹುಕಾರ ಬಂದಿದ್ದ ಸಾಹೇಬ್ರ. ಮಾಲಕ ಕೇಳಿದಷ್ಟೂ ಕೊಡಾಕ ತಯಾರಿದ್ದ."

ನಾನು ಮುಂದಿನ ಫೈಲು ಪಕ್ಕಕ್ಕೆ ಸರಿಸಿದೆ. "ಮತ್ತ?"

"ಮತ್ತೇನು? ಆ ಮನಿ ತೋರಸಲೇ ಇಲ್ಲ. ಬ್ಯಾರೆ ಓಣ್ಯಾಗಿನ ಮನಿ ತೋರಸಿ ಕಳಿಸಿದೆ. ನನ್ನ ಕಮಿಷನ್ ನಾನ ಕಡಕೊಂಡೆ!" ಆತ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಮಾರಾವ್ರು ಸುಳ್ಳು ಹೇಳ್ತಾರ, ಕೊಳ್ಳಾವ್ರು ಸುಳ್ಳು ಹೇಳ್ತಾರ, ನಡುವ ನಿಂತು ನಾ ಎರಡೂ ಕಡೆ ಸುಳ್ಳು ಹೇಳ್ತೇನಿ. ಅದು ನಮ್ಮ ದಂಧೆ. ಈ ನಿಮ್ಮತ್ತಿ ಸೀದಾ ಕಾಗದ ತಂದು ನನ್ನ ಕೈಯಾಗ ಇಟ್ಟುಬಿಟ್ಲು! ಈಗ ನಾ ಆಕಿಗೆ ಹ್ಯಾಂಗ ಮೋಸ ಮಾಡ್ಲಿ ನೀವ ಹೇಳ್ರಿ? ಊಟ ರುಚಿ ಹತ್ತವಲ್ದು ನನಗ."

ನಾನು ಆತನಿಗೆ ಚಹಾ ತರಿಸಿಕೊಟ್ಟೆ. ಜಿಲ್ಲೆಯ ಎತ್ತುಗಳನ್ನೆಲ್ಲ ಮಾರಿಸಿದ ದಲಾಲನನ್ನು ಒಂದು ಕಾಗದ ತೋರಿಸಿ ಕಟ್ಟಿಹಾಕಿದ ಹೆಂಗಸು ನನ್ನ ಅತ್ತೆಯೇ ಎಂದು ಆ ದಿನವೆಲ್ಲ ಬೆರಗು ಪಟ್ಟೆ.

ಇನ್ನು ಉಳಿದದ್ದು ಮಾಲೀಕ. ಆತನ ಸರದಿ ಮರುವಾರ ಬಂತು, ಮತ್ತು ಆ ಭಾಗ್ಯವನ್ನು ನಾನು ಕಣ್ಣಾರೆ ಕಂಡೆ. ಕಚೇರಿ ಕೆಲಸಕ್ಕೆಂದು ಸುರಪುರಕ್ಕೆ ಹೋದವನು ಅತ್ತೆಯ ಬಸ್ಸಿನಲ್ಲೇ ಮರಳುತ್ತಿದ್ದೆ. ಬಸ್ಸು ಹೊರಡುವ ಹೊತ್ತಿಗೆ ಬಟ್ಟೆ ವ್ಯಾಪಾರಿ ಹತ್ತಿದ! ಶಹಾಪುರಕ್ಕೆ ಹೋಗಿ ಬೇರೊಬ್ಬ ದಲಾಲನನ್ನು ಕಾಣುವುದು ಆತನ ಹುನ್ನಾರವಾಗಿತ್ತೆಂದು ಆಮೇಲೆ ಗೊತ್ತಾಯಿತು. ಅತ್ತೆ ಟಿಕೆಟ್ ಹರಿದು ಆತನ ಕೈಗೆ ಕೊಟ್ಟು, ಇಡೀ ಬಸ್ಸಿಗೆ ಪರಿಚಯ ಮಾಡಿಸಿದಳು.

"ಇವರ ನೋಡ್ರಿ ನಾ ಹೇಳ್ತಿದ್ದೆನಲ್ಲ, ನಾ ಕೊಳ್ಳೂ ಮನಿ ಮಾಲಕರು!"

ಬಸ್ಸಿಗೆ ಬಸ್ಸೇ ಹೊರಳಿ ನೋಡಿತು. ಬ್ಯಾಂಕಿನವರು ಎಷ್ಟು ಕೊಡುತ್ತಾರೆ, ಬಳೆಗೆ ಎಷ್ಟು ಬಂತು, ಇನ್ನೆಷ್ಟು ಕಡಿಮೆ ಬೀಳುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಮಾಲೀಕ ಕಿಟಕಿಯ ಕಡೆ ಮುಖ ತಿರುಗಿಸಿದ. ಅಲ್ಲಿ ಏನಿದೆ, ತೊಗರಿ ಹೊಲ. ಎಷ್ಟು ಹೊತ್ತು ನೋಡಿಯಾನು?

"ಯಾಕ್ರೀ ಯಪ್ಪಾ, ಒಬ್ಬಾಕಿ ಹೆಣಮಗಳು ಅದಾಳ. ಒಂದೀಟು ಬಿಡ್ರೆಲ್ಲ" ಎಂದು ಶುರುಮಾಡಿದಳು ಗೋಗಿಯ ಒಬ್ಬ ಮುದುಕಿ.

ಹಿಂದಿನ ಸೀಟಿನಿಂದ ಒಬ್ಬಳು ಎದ್ದಳು. "ಆ ಮನ್ಯಾಗ ನಾವು ಬಾಡಿಗಿಗಿ ಇದ್ದೆವ್ರಿ. ಮಳಿಗಾಲದಾಗ ಅಡಗಿ ಖೋಲಿ ಸೋರತದ. ಅದರ ದುಡ್ಡು ಕಡಿಮಿ ಮಾಡ್ರಿ!"

ಭಲೇ, ಈಗ ವ್ಯವಹಾರ ಕುದುರಿತು ಎಂದು ನಾನು ಸೀಟಿನ ತುದಿಗೆ ಬಂದೆ. ಆದರೆ ಅತ್ತೆ ಏನು ಮಾಡಿದಳು ಗೊತ್ತೇ? "ಏ ಸುಮ್ಮಕಿರು, ಸೋರಿದ್ರ ಬಕೀಟು ಇಡ್ತೇನಿ. ಗ್ವಾಡಿ ನೋಡೀಯೇನು, ಎಂಥ ಗಟ್ಟಿ ಅದ! ಅವರ ದರ ತಪ್ಪಿಲ್ಲ. ಮನಿ ಅಷ್ಟು ಬಾಳತದ. ನನ್ನ ಹತ್ರ ಇಲ್ಲ, ಅಷ್ಟ" ಎಂದು ಮಾಲೀಕನ ಪರವಾಗಿಯೇ ವಾದಕ್ಕೆ ನಿಂತಳು! ನಾನು ಹಣೆಗೆ ಕೈ ಹಚ್ಚಿದೆ. ತನ್ನ ವ್ಯವಹಾರವನ್ನು ತಾನೇ ಕೆಡಿಸಿಕೊಳ್ಳುವ ಇಂಥವಳನ್ನು ಎಲ್ಲಾದರೂ ಕಂಡಿದ್ದೀರಾ?

ಮಾಲೀಕನಿಗೂ ತಡೆಯಲಾಗಲಿಲ್ಲ. "ಕಂಡಕ್ಟರ್ರ, ನೀವು ಕೊಳ್ಳಾವ್ರೋ ಮಾರಾವ್ರೋ? ನನ್ನ ಮಾತು ನೀವ ಆಡಾಕತ್ತೀರಲ್ರೀ!" ಎಂದ. ಅದು ಬಹುಶಃ ಆತ ಬದುಕಿನಲ್ಲಿ ಆಡಿದ ಅತಿ ಉದ್ದದ ಮಾತು.

ಹತ್ತಿಗೂಡೂರ ಕ್ರಾಸು ದಾಟುವ ಹೊತ್ತಿಗೆ ಚೌಕಾಶಿ ಇಡೀ ಬಸ್ಸಿನ ಕೈಗೆ ಹೋಗಿತ್ತು. ಒಬ್ಬರು ಇಳಿಸುವುದು, ಅತ್ತೆ "ಪಾಪ, ಅಷ್ಟು ಇಳಸಬ್ಯಾಡ್ರಿ, ಅವರಿಗೂ ಲುಕ್ಸಾನ ಆಗ್ತದ" ಎಂದು ಏರಿಸುವುದು! ಗೋಗಿಯ ಮುದುಕಿ ಕಡೆಗೆ ಯಾರಿಗೋ ಹೇಳುವ ಹಾಗೆ, "ಮೊಮ್ಮಗಳ ಲಗ್ನದ ಜವಳಿ ಇವರ ಅಂಗಡ್ಯಾಗ ತಗೋಬೇಕಂತ ಮಾಡಿದ್ವಿ. ಯಾದಗಿರಿಗೂ ಬಸ್ ಪುಕಟ ಅದ, ಅಲ್ಲೂ ಅಂಗಡಿ ಅದಾವ" ಅಂದಳು. ಬಸ್ಸಿನ ತುಂಬ ಇದ್ದವರು ಆತನ ಅಂಗಡಿಯ ಗಿರಾಕಿಗಳೇ. ಮಾಲೀಕ ಮೊದಲ ಬಾರಿಗೆ ಕಿಟಕಿಯಿಂದ ಮುಖ ಈಚೆಗೆ ತಿರುಗಿಸಿದ.

"ಆ ಕಾಗದ ತೋರಸ್ರಿ ಇಲ್ಲಿ" ಅಂದ.

ಅತ್ತೆ ಕೊಟ್ಟಳು. ಆತ ಓದಿದ. ಆಕೆ ಪಕ್ಕದಲ್ಲಿ ಕಂಬಿ ಹಿಡಿದು ನಿಂತು, "ಬ್ಯಾಂಕಿಂದು ಅದು. ಬಳಿ, ಸರ ಮಾರಿದ್ದು ಬ್ಯಾರೆ ಅದ, ಅದೂ ಹೇಳೀನಲ್ಲ. ಇದರ ಮ್ಯಾಲ ನನ್ನ ಹತ್ರ ಏನೂ ಇಲ್ರಿ. ಇದ್ದಿದ್ರ ಇಷ್ಟೊತ್ತಿಗೆ ಕೊಟ್ಟುಬಿಡ್ತಿದ್ದೆ" ಅಂದಳು. ಬಸ್ಸು ಕುಲುಕಿದಾಗ ಆಕೆಯ ಕೈಯಲ್ಲಿ ಗಾಜಿನ ಬಳೆ ಸದ್ದು ಮಾಡಿದವು. ಮಾಲೀಕ ಆ ಕೈ ನೋಡಿದ, ಕಾಗದ ನೋಡಿದ, ಮಡಚಿ ವಾಪಸು ಕೊಟ್ಟ.

"ಎರಡೂ ಕೂಡಿ ಎಷ್ಟಾಗ್ತದೋ ಅಷ್ಟಕ್ಕ ಮುಗಸ್ರಿ" ಅಂದ.

ಬಸ್ಸು ಹೋ ಎಂದಿತು. ಡ್ರೈವರ್ ಆ ದಿನ ಹಾರ್ನ್ ಬಾರಿಸಿದ! ಭೀಮರಾಯನಗುಡಿಯಲ್ಲಿ ಇಳಿಯಬೇಕಿದ್ದವರು ಇಳಿಯುವುದನ್ನೇ ಮರೆತು ಶಹಾಪುರಕ್ಕೆ ಬಂದರು. ನಾನು ಅತ್ತೆಯನ್ನು ಬಾಯಿ ತೆರೆದು ನೋಡುತ್ತ ಕೂತೆ. ನನ್ನ ಎಲ್ಲ ಜಾಣತನ, ಎಲ್ಲ ಬಾಯಿಬಿಗಿತ ಕೂಡಿದರೂ ಆ ಮನೆಯ ಒಂದು ಕಲ್ಲೂ ಸಿಗುತ್ತಿರಲಿಲ್ಲ. ಆಕೆ ಎದುರಿನವರ ಕೈಗೆ ಎಲ್ಲವನ್ನೂ ಕೊಟ್ಟುಬಿಟ್ಟಳು, ಇನ್ನು ಕಸಿದುಕೊಳ್ಳಲು ಅವರಿಗೆ ಏನೂ ಉಳಿಯಲಿಲ್ಲ. ಇದು ಮುಗ್ಧತನವೋ ಮಹಾ ಚಾಣಾಕ್ಷತನವೋ ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ಆಕೆಗಂತೂ ತಿಳಿದಿಲ್ಲ.

ಕಾಗದದ ಮುದ್ದತ್ತು ಮುಗಿಯುವ ಮೊದಲೇ ರಜಿಸ್ಟ್ರಿ ಆಯಿತು. ಗೃಹಪ್ರವೇಶಕ್ಕೆ ಯಾರನ್ನು ಕರೆದಿದ್ದಳು ಎಂದು ಕೇಳಬೇಡಿ, ಬಸ್ಸಿನಲ್ಲಿ ಕೂಗಿ ಹೇಳಿದ್ದಳು! ಗೋಗಿಯ ಮುದುಕಿ ಬಂದಿದ್ದಳು. ವಡಗೇರಾದ ರೈತ ಒಂದು ಚೀಲ ಜೋಳ ಹೊತ್ತು ತಂದಿದ್ದ. ಬಟ್ಟೆ ವ್ಯಾಪಾರಿ ಒಂದು ಸೀರೆ ತಂದು, ಯಾರಿಗೂ ಹೇಳಬೇಡಿ ಎಂದು ಅತ್ತೆಯ ಕೈಗಿಟ್ಟ, ಪಾಪ. ಮರುಕ್ಷಣವೇ ಎಲ್ಲರಿಗೂ ಗೊತ್ತಾಯಿತು. ದಲಾಲ ಟವೆಲ್ಲು ಸೊಂಟಕ್ಕೆ ಬಿಗಿದು ಹುಗ್ಗಿ ಬಡಿಸಿದ. ಊಟದ ಸಾಲು ಓಣಿಯ ತನಕ ಹೋಯಿತು.

ಸಂಜೆ ಎಲ್ಲರೂ ಹೋದ ಮೇಲೆ ನಾವೂ ಹೊರಟೆವು. ಓಣಿಯ ತುದಿಗೆ ಬಂದಾಗ ಸ್ಕೂಟರಿನ ಕೀಲಿ ಅಲ್ಲೇ ಬಿಟ್ಟದ್ದು ನೆನಪಾಗಿ, ಹೆಂಡತಿಯನ್ನು ನಿಲ್ಲಿಸಿ ನಾನೊಬ್ಬನೇ ತಿರುಗಿ ಹೋದೆ. ಒಳಗೆ ಅತ್ತೆ ಯಾರೊಂದಿಗೋ ಮಾತಾಡುತ್ತಿದ್ದಳು. "ಆಮ್ಯಾಲ ಆ ಮುದುಕಿ ಏನಂದ್ಳು ಗೊತ್ತೇನು..." ಧ್ವನಿ ಸಣ್ಣಗಿತ್ತು. ಅತ್ತೆಗೆ ಸಣ್ಣ ಧ್ವನಿಯೂ ಇದೆಯೆಂದು ನನಗೆ ಅಂದೇ ಗೊತ್ತಾದದ್ದು. ಇಣುಕಿ ನೋಡಿದೆ. ಖೋಲಿಯಲ್ಲಿ ಯಾರೂ ಇರಲಿಲ್ಲ. ಅತ್ತೆ ಗೋಡೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

"ಯಾರ ಜೋಡಿ ಮಾತಾಡಾಕತ್ತೀ ಅತ್ತಿ?"

ಅತ್ತೆ ಬೆಚ್ಚಿದಳು. ಆಕೆ ನಾಚಿದ್ದನ್ನು ಅದೇ ಮೊದಲ ಸಲ ನೋಡಿದೆ.

"ಯಾರಿಲ್ಲೋ. ಗ್ವಾಡಿ ಜೋಡಿ" ಅಂದಳು. ಆಮೇಲೆ ಸೆರಗಿನ ತುದಿ ತೀಡುತ್ತ ಹೇಳಿದಳು, "ನಿಮ್ಮ ಮಾಮಾ ಹೋದಮ್ಯಾಲ, ಮನಿಗೆ ಬಂದ್ರ ಇವತ್ತ ಏನಾತಂತ ಕೇಳಾವ್ರು ಯಾರೂ ಇರಲಿಲ್ಲ ನೋಡು. ಬಾಡಿಗಿ ಮನ್ಯಾಗ ಒಬ್ಬಾಕೀನ ಮಾತಾಡಿದ್ರ, ಈಕಿಗಿ ತಲಿ ಕೆಟ್ಟದಂತ ಖಾಲಿ ಮಾಡಸ್ತಾರ. ಒಮ್ಮೆ ಮಾಡಸ್ಯಾರ. ಅದಕ್ಕ ಇದ್ದಬಿದ್ದದ್ದೆಲ್ಲಾ ಬಸ್ಸಿನಾಗ ಹೇಳಿ ಮುಗಿಸಿ, ಮನಿಗೆ ಬಂದು ಬಾಯಿ ಮುಚ್ಚಿ ಮಲಗತಿದ್ದೆ." ಆಕೆ ಕೈ ಚಾಚಿ ಆ ಕಲ್ಲಿನ ಗೋಡೆಯನ್ನು ಮುಟ್ಟಿದಳು. "ಇದು ನನ್ನ ಗ್ವಾಡಿ. ಇನ್ನ ಯಾರು ಏನಂತಾರ?"

ನಾನು ಬಾಗಿಲ ಪಕ್ಕದ ಗೂಡಿನಲ್ಲಿದ್ದ ಸ್ಕೂಟರಿನ ಕೀಲಿ ಕಿಸೆಗೆ ಹಾಕಿಕೊಂಡೆ. ಹೆಂಡತಿ ಇನ್ನೊಂದಿಷ್ಟು ಕಾಯಲಿ ಎಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಆ ಗೋಡೆಗೆ ಬೆನ್ನು ಹಚ್ಚಿ ಆಕೆಯ ಎದುರು ಕೂತೆ.

"ಹ್ಞಾಂ, ಹೇಳು ಅತ್ತಿ. ಇವತ್ತ ಏನಾತು?"

ಅತ್ತೆ ನನ್ನ ಮುಖ ನೋಡಿದಳು. ಆಮೇಲೆ, ನಾನೂ ಮುಂಜಾನೆಯಿಂದ ಅಲ್ಲೇ ಇದ್ದೆ ಅನ್ನುವುದನ್ನು ಮರೆತು, ಮುಂಜಾನೆಯಿಂದಲೇ ಹೇಳತೊಡಗಿದಳು.